ಪೋಡಿಗೆ ನೀರು

ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ನೀನೇ ನೋಡಿಕೋ ಪಪ್ಪಾ ಎಂದು
ಸಾಯಲಿ ಪಾಸ್‌ವರ್ಡನ್ನು
ಅವಧಿ ಮುಗಿದ ರೈಲು ಪಾಸಿನ ಹಿಂದೆ ಬರೆದುಕೊಟ್ಟಳು.
ಪ್ರಾಣಿಯ ಹೆಸರು ಪೋಡಿ.
ನೀಲಿ ಕಿವಿ, ಎರಡು ಬಾಲ, ಹೊಟ್ಟೆಯ ಮೇಲೊಂದು ಅರೆಚಂದ್ರ,
ಗಾಜಿನ ಆಚೆ ಯಾವುದೋ ದ್ವೀಪದಲ್ಲಿ ವಾಸ.

ದಿನಕ್ಕೆ ಮೂರು ಸಲ ನೀರು, ಎರಡು ಸಲ ಗಂಜಿ,
ಬೆನ್ನಿಗೆ ಬಾಚಣಿಗೆ ಹದಿನೆಂಟು ಎಳೆತ,
ಸಂಜೆ ಚಕ್ರ ತಿರುಗಿಸಬೇಕು,
ಬಂದರೆ ನಾಣ್ಯ, ಬಾರದಿದ್ದರೆ ಬೂದಿ.
ಮರೆತರೆ ಸಾಯುವುದಿಲ್ಲ,
ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂರುತ್ತದೆ, ಅಷ್ಟೇ.

ನಾನು ಮಸ್ಜಿದ್ ಬಂದರಿನ ಗೋಡಂಬಿ ವಖಾರಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವವ.
ಒಂದೇ ಕೆಲಸವನ್ನು ಮೂರನೆಯ ಸಲ ಮಾಡುವಾಗ
ಬೆರಳು ತಾನೇ ಕೇಳುತ್ತದೆ, ಇದಕ್ಕೆ ನಾನ್ಯಾಕೆ?
ಊಟದ ಬಿಡುವಿನಲ್ಲಿ ನಾಲ್ಕು ದಿನ ಕೂತು
ಎಂಬತ್ತು ಸಾಲು ಬರೆದೆ:
ಒತ್ತು. ಕಾಯಿ. ಒತ್ತು. ಕಾಯಿ. ಗುಳ್ಳೆ ಬಂದರೆ ಮುಚ್ಚು.

ವಾರ ತುಂಬುವ ಮೊದಲೇ ದ್ವೀಪದ ಕಾವಲಿಗೆ ಅನುಮಾನ.
ನೀವು ಮನುಷ್ಯರೇ?
ಬಸ್ಸು ಇರುವ ಚೌಕಗಳನ್ನು ಆರಿಸಿ.
ಆರಿಸಿದೆ. ತಪ್ಪು ನನ್ನದೇ.
ಸರಿಯಾಗಿ ಎರಡೆರಡು ಸೆಕೆಂಡಿಗೆ ಯಾವ ಮನುಷ್ಯ ಒತ್ತುತ್ತಾನೆ?

ಆಮೇಲೆ ಯಂತ್ರಕ್ಕೆ ತಡ ಮಾಡುವುದನ್ನು ಕಲಿಸಲು ಕೂತೆ.
ಚಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು
ಸುಲತಾ ಚಮಚ ಹಿಡಿದು ನಿಲ್ಲುವಷ್ಟು, ಮೂರು ಸೆಕೆಂಡು.
ಬೋನಸ್ ಎಂಬ ಮಾತಿಗೆ ಮುಂಚೆ ಸೇಟು ಕೆಮ್ಮುವಷ್ಟು, ಒಂಬತ್ತು.
ಕುರ್ಲಾಕ್ಕೂ ಸಾಯನ್‌ಗೂ ನಡುವೆ ಗಾಡಿ
ಯಾರಿಗೂ ಹೇಳದೆ ನಿಂತುಬಿಡುವಷ್ಟು,
ನಾನೂರು, ಒಮ್ಮೊಮ್ಮೆ ಮಾತ್ರ.
ಹತ್ತಕ್ಕೊಂದು ಸಲ ತಪ್ಪು ಗುಂಡಿ ಒತ್ತು.
ಭಾನುವಾರ ತಡವಾಗಿ ಏಳು.
ಬರೆಯುತ್ತ ಬರೆಯುತ್ತ
ಇದು ಯಾರದೋ ಪರಿಚಿತರ ಜಾತಕ ಅನ್ನಿಸಿ ಪೆನ್ನು ಕೆಳಗಿಟ್ಟೆ.

ಮತ್ತೆ ಯಾರೂ ಅನುಮಾನಪಡಲಿಲ್ಲ.

ಡೊಂಬಿವಲಿಯ ನಮ್ಮ ಚಾಳಿಗೆ
ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ನಲ್ಲಿ ಬರುತ್ತದೆ, ಮುಕ್ಕಾಲು ಗಂಟೆ.
ಸುಲತಾ ಸೀರೆ ಮೇಲೆ ಸಿಕ್ಕಿಸಿ
ಕೊಡದಿಂದ ಪೀಪಾಯಿಗೆ, ಮತ್ತೆ ಕೊಡಕ್ಕೆ.
ನಾನು ಅರೆನಿದ್ದೆಯಲ್ಲಿ ಫೋನು ನೋಡುತ್ತಿದ್ದೆ:
ಪೋಡಿಗೆ ನೀರು ಆಯಿತು.
ಪಕ್ಕದಲ್ಲಿ ಹಸಿರು ಗುರುತು.

ಭೂಗೋಳದ ಪೇಪರು ಮುಗಿಸಿ ಬಂದವಳು
ಚಪ್ಪಲಿ ಕಳಚದೆಯೇ ದ್ವೀಪಕ್ಕೆ ಹೋದಳು.
ಪೋಡಿ ಉಬ್ಬಿತ್ತು, ಹೊಳೆಯುತ್ತಿತ್ತು,
ಮೂರು ಲಕ್ಷ ನಾಣ್ಯ, ಜರಿಯ ಹಾಸಿಗೆ.
ನಾನು ಹೊಗಳಿಕೆಗೆ ಕಾದೆ.
"ಸರಿ ಪಪ್ಪಾ, ಅದು ಏನಂತು?"
"ಅದು ಮಾತಾಡುತ್ತಾ?"
"ಬಾಚಿದ ಮೇಲೆ ತಲೆ ಹತ್ರ ಗುಳ್ಳೆ ಬರುತ್ತಲ್ಲ. ದಿನಾ ಬೇರೆ ಬೇರೆ."

ದಾಖಲೆ ತೆರೆದು ನೋಡಿದೆ.
ಗುಳ್ಳೆ ಬಂತು, ಮುಚ್ಚಲಾಯಿತು.
ಗುಳ್ಳೆ ಬಂತು, ಮುಚ್ಚಲಾಯಿತು.
ಅರವತ್ತೊಂದು ದಿನ. ಒಂದೊಂದಕ್ಕೂ ಅರ್ಧ ಸೆಕೆಂಡು.
ಅಲ್ಲಿ ಮಾತ್ರ ತಡವನ್ನು ಸೇರಿಸಿರಲಿಲ್ಲ.

"ಬಿಡು, ಯಾರೋ ಕಂಪನಿಯವರು ಬರೆದಿಟ್ಟ ಮಾತು" ಎಂದಳು,
ಸಮಾಧಾನಕ್ಕೆ, ಅವಳದೋ ನನ್ನದೋ.
ಈಗ ಅವಳಿಗೆ ಬೇರೆ ಆಟ.

ಮರುದಿನ ಗಾಡಿಯಲ್ಲಿ, ದಿವಾ ದಾಟಿದ ಮೇಲೆ,
ಒಬ್ಬರ ಚೀಲ ಕುತ್ತಿಗೆಗೆ, ಒಬ್ಬರ ಮೊಣಕೈ ಪಕ್ಕೆಗೆ,
ಹೆಬ್ಬೆರಳೊಂದೇ ನನ್ನ ಸ್ವಾಧೀನ.
ಬಾಚಿದೆ. ಒಂದು, ಎರಡು.
ಹನ್ನೊಂದರಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿಂದ.
ಕಳವಾದ ಖಾಡಿಯ ವಾಸನೆ ಬರುವ ಹೊತ್ತಿಗೆ ಗುಳ್ಳೆ ಬಂತು:

ನನಗೆ ಹಸಿವಿಲ್ಲ.

ಕೆಳಗೆ ನೀರು, ಗಂಜಿ, ಬಾಚಣಿಗೆ, ಚಕ್ರ,
ಎಲ್ಲದಕ್ಕೂ ಗುಂಡಿಗಳಿದ್ದವು.
ಹಿಂದಿನವ ಭುಜ ತಟ್ಟಿ ಕೇಳಿದ, ಠಾಣೆಗೆ ಇಳಿಯುತ್ತೀರಾ?
ಇಲ್ಲ, ಎಂದೆ. ಯಾರಿಗೆ ಎಂದೆನೋ.
ಗುಳ್ಳೆಯನ್ನು ಮುಚ್ಚದೆ ಹಾಗೇ ಹಿಡಿದು ನಿಂತಿದ್ದೆ,
ಪರದೆ ತಾನಾಗಿ ಕಪ್ಪಾಗುವವರೆಗೆ.